ಕೋಲಾರದ ಬಾಂಬರ್ ದಳ: ತಾತ ನಿಜಕ್ಕೂ ಜಪಾನಿನ ಮೇಲೆ ಬಾಂಬ್ ಹಾಕಿದ್ದರೇ?

ಪ್ರಶ್ನೆ:

ನಮ್ಮದು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಕೋಲಾರದ ಏರೋಡ್ರೋಮಿನಲ್ಲಿ ಕೆಲಸಕ್ಕಿದ್ದರು. ‘ನಾಲ್ಕು ಎಂಜಿನ್ನಿನ ಬಾಂಬರುಗಳು, ರಾತ್ರಿಯೆಲ್ಲ ಹಾರುತ್ತಿದ್ದವು’ ಎಂದು ಅಪ್ಪನಿಗೆ ಹೇಳುತ್ತಿದ್ದರಂತೆ. ಅವರು ತೀರಿಕೊಂಡು ಬಹಳ ವರ್ಷಗಳಾದವು. ಕೋಲಾರದಲ್ಲಿ ಹುಟ್ಟಿದ್ದು ಬ್ರಿಟಿಷರ 358ನೇ ಬಾಂಬರ್ ದಳ ಎಂದು ನಮ್ಮ ಚಿಕ್ಕಪ್ಪ ಎಲ್ಲೋ ಓದಿದ್ದಾರೆ. ತಾತ ಅದರಲ್ಲಿ ಗನ್ನರ್, ಅಂದರೆ ವಿಮಾನದಿಂದ ಬಂದೂಕು ಹಾರಿಸುವವರು ಆಗಿದ್ದರು, ಇಲ್ಲಿಂದಲೇ ಹೋಗಿ ಜಪಾನಿನ ಮೇಲೆ ಬಾಂಬ್ ಹಾಕಿ ಬಂದರು ಅನ್ನುತ್ತಾರೆ. ಯುದ್ಧ ಮುಗಿದ ಮೇಲೆ ಆ ವಿಮಾನಗಳನ್ನು ಬಯಲಲ್ಲೇ ಹೂತು ಹೋದರು ಎಂಬ ಮಾತೂ ಊರಲ್ಲಿದೆ. ಮನೆಯಲ್ಲಿ ಎರಡು ವಸ್ತು ಉಳಿದಿವೆ. ಒಂದು ಬಿಳಿ ಲೋಹದ ಪದಕ, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಭಾರತದ ನಕ್ಷೆ. ಇನ್ನೊಂದು ‘ಪ್ರಾಟ್ ಅಂಡ್ ವಿಟ್ನಿ’ ಎಂದು ಅಕ್ಷರವಿರುವ ಸಣ್ಣ ತಗಡು. ಈಗ ಚಿಕ್ಕಪ್ಪ, ನನ್ನ ತಮ್ಮ ಸೇರಿ ಊರ ಮುಂದೆ ‘ಜಪಾನಿನ ಮೇಲೆ ದಾಳಿ ಮಾಡಿದ ವೀರ’ ಎಂದು ಕಲ್ಲು ನಿಲ್ಲಿಸಲು ಹೊರಟಿದ್ದಾರೆ. ತಮ್ಮ ಮೆಟಲ್ ಡಿಟೆಕ್ಟರ್ ತಂದು ಬಯಲು ಅಗೆಯುತ್ತೇನೆ ಅನ್ನುತ್ತಿದ್ದಾನೆ. ಆನ್‌ಲೈನಿನಲ್ಲಿ ಪರಿಚಯವಾದ ಒಬ್ಬರು ಹಣ ಕೊಟ್ಟರೆ ಲಂಡನ್ನಿನಿಂದ ತಾತನ ಸೇವಾ ಪ್ರಮಾಣಪತ್ರ ತರಿಸುತ್ತೇನೆ, ಪದಕವನ್ನೂ ಕೊಂಡುಕೊಳ್ಳುತ್ತೇನೆ ಅಂದಿದ್ದಾರೆ. ಇದರಲ್ಲಿ ಯಾವುದು ನಿಜ? ನಾವೇನು ಮಾಡಬೇಕು?

(ಹೆಸರು ಬೇಡವೆಂದ ಓದುಗರು, ಕೋಲಾರ)

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತವೆ. ತಾತ ಹೇಳಿದ್ದು ಸುಳ್ಳಾಗಿಬಿಟ್ಟರೆ ಎಂಬುದು ಒಂದು. ಸುಳ್ಳನ್ನು ಕಲ್ಲಿನಲ್ಲಿ ಕೆತ್ತಿಸಿಬಿಟ್ಟರೆ ಎಂಬುದು ಇನ್ನೊಂದು. ಮೊದಲನೆಯ ಭಯ ಬಿಡಿ. ತಾತನ ಬಾಯಿಂದಲೇ ಬಂದದ್ದು ಎಂದು ನೀವು ಬರೆದಿರುವುದು ಒಂದೇ ವಾಕ್ಯ: ನಾಲ್ಕು ಎಂಜಿನ್ನಿನ ಬಾಂಬರುಗಳು ರಾತ್ರಿಯೆಲ್ಲ ಹಾರುತ್ತಿದ್ದವು. ಅದು ನೂರಕ್ಕೆ ನೂರು ನಿಜ. ಗನ್ನರ್, ಜಪಾನ್, ಹೂತ ವಿಮಾನ, ಇವೆಲ್ಲ ಆಮೇಲೆ ಬಂದು ಸೇರಿದ ಮಾತುಗಳು. ಅವೂ ಗಾಳಿಯಿಂದ ಹುಟ್ಟಿದವಲ್ಲ, ಒಂದೊಂದಕ್ಕೂ ಬೇರೆಲ್ಲೋ ಒಂದು ಬೇರು ಇದೆ. ಅದನ್ನು ತೋರಿಸಿದರೆ ನಿಮ್ಮ ಚಿಕ್ಕಪ್ಪನವರಿಗೂ ನೋವಾಗಲಾರದು.

ಮೊದಲು ದಳದ ವಿಷಯ. ಚಿಕ್ಕಪ್ಪ ಓದಿದ್ದು ಸರಿಯಾಗಿಯೇ ಇದೆ. ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ 358ನೇ ಸ್ಕ್ವಾಡ್ರನ್ 1944ರ ನವೆಂಬರ್ 8ರಂದು ಕೋಲಾರದಲ್ಲಿ ಸ್ಥಾಪನೆಯಾಯಿತು. ಭಾರಿ ಬಾಂಬರ್ ದಳವಾಗಿಯೇ ಹುಟ್ಟಿತು. ವಿಮಾನ ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ರೂಪಿಸಿದ ಬಿ-24 ಲಿಬರೇಟರ್: ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ, ತಲಾ 1,200 ಅಶ್ವಶಕ್ತಿಯ ನಾಲ್ಕು ಎಂಜಿನ್, ಒಳಗೆ ಎಂಟು ಹತ್ತು ಮಂದಿ. ದಳಕ್ಕೆ ಬೇಕಾದ ಸಿಬ್ಬಂದಿ ಸಿಕ್ಕಿದ್ದು ಕೋಲಾರದಲ್ಲಿ ಆಗಲೇ ಇದ್ದ ತರಬೇತಿ ಘಟಕದಿಂದ. ಅದರ ಹೆಸರು 1673ನೇ ಹೆವಿ ಕನ್ವರ್ಷನ್ ಯೂನಿಟ್. ನನ್ನ ಅಂದಾಜಿನಲ್ಲಿ ನಿಮ್ಮ ತಾತನ ನೆನಪಿನ ನಿಜವಾದ ಮನೆ ಈ ಘಟಕವೇ. 358ನೇ ದಳ ಕೋಲಾರದಲ್ಲಿ ಇದ್ದದ್ದು ಎರಡು ತಿಂಗಳು ಮಾತ್ರ.

ಆ ಘಟಕದ ಕೆಲಸ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಎಂಜಿನ್ನಿನ ವಿಮಾನದಲ್ಲಿ ಪಳಗಿದ ಪೈಲಟ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ರೇಡಿಯೋದವನು, ಗನ್ನರುಗಳು ಇಲ್ಲಿಗೆ ಬಂದು ನಾಲ್ಕು ಎಂಜಿನ್ನಿನ ಲಿಬರೇಟರಿಗೆ ಹೊಂದಿಕೊಳ್ಳಬೇಕಿತ್ತು. ಹೊಂದಿಕೊಳ್ಳುವುದು ಎಂದರೆ ಏರಿಸಿ ಇಳಿಸುವುದಷ್ಟೇ ಆಗಿರಲಿಲ್ಲ. ಬರ್ಮಾ ರಂಗದಲ್ಲಿ ಒಂದು ದಾಳಿಗೆ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಹಾರಬೇಕಿತ್ತು. ಅದರಲ್ಲಿ ಬಹುಪಾಲು ಕತ್ತಲಲ್ಲಿ, ಸಮುದ್ರದ ಮೇಲೆ, ಕೆಳಗೆ ಗುರುತು ಹಿಡಿಯಲು ಒಂದು ದೀಪವೂ ಇಲ್ಲದೆ. ನಕ್ಷತ್ರದ ಎತ್ತರ ಅಳೆದು ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕಬೇಕು. ಎಂಜಿನ್ ಎಷ್ಟು ಸುತ್ತು ಸುತ್ತಬೇಕು, ಇಂಧನದ ಮಿಶ್ರಣ ಎಷ್ಟು ತೆಳುವಾಗಿರಬೇಕು ಎಂದು ಗಂಟೆಗಂಟೆಗೂ ನೋಡಿಕೊಂಡರೆ ಮಾತ್ರ ವಾಪಸು ಬರುವಷ್ಟು ಪೆಟ್ರೋಲ್ ಉಳಿಯುತ್ತಿತ್ತು. ಇದೆಲ್ಲ ಕೈಗೆ ಹತ್ತಬೇಕಾದರೆ ರಾತ್ರಿ ಹಾರಾಟವೇ ಆಗಬೇಕು. ಆದ್ದರಿಂದಲೇ ನಿಮ್ಮ ಊರಿನವರು ರಾತ್ರಿಯೆಲ್ಲ ಸದ್ದು ಕೇಳಿದ್ದು.

ಹಾಗಾದರೆ ಕೋಲಾರದಿಂದಲೇ ಯಾಕೆ ದಾಳಿಗೆ ಹೋಗಲಿಲ್ಲ? ಭೂಪಟ ತೆಗೆದು ನೋಡಿ. ಕೋಲಾರದಿಂದ ರಂಗೂನಿಗೆ ನೇರ ಹಾರಿದರೂ ಸುಮಾರು 2,000 ಕಿ.ಮೀ. ಹೋಗಿ ಬರಲು 4,000. ಸಾಮಾನ್ಯ ಬಾಂಬ್ ಹೊರೆ ಹೊತ್ತ ಲಿಬರೇಟರಿನ ಹಾರಾಟದ ಮಿತಿ ಸುಮಾರು 3,400 ಕಿ.ಮೀ. ಬಂಗಾಳದ ಮಿಡ್ನಾಪುರದ ಕಡೆಯ ದಿಗ್ರಿ, ಸಲ್ಬನಿ ನೆಲೆಗಳಿಂದ ಅದೇ ರಂಗೂನ್ 1,100-1,200 ಕಿ.ಮೀ. ಅಷ್ಟು ಹತ್ತಿರ ನೆಲೆಗಳಿರುವಾಗ ಬಾಂಬನ್ನು ಇಳಿಸಿ ಪೆಟ್ರೋಲ್ ತುಂಬಿಕೊಂಡು ಕೋಲಾರದಿಂದ ಯಾರೂ ಹೊರಡುವುದಿಲ್ಲ. ಅತಿ ದೂರದ ಹಾರಾಟ ಆಗಲೇ ಇಲ್ಲ ಅಂತಲ್ಲ. 1944ರ ಅಕ್ಟೋಬರ್ 27ರಂದು 159ನೇ ಸ್ಕ್ವಾಡ್ರನ್ನಿನ 15 ಲಿಬರೇಟರುಗಳು ವಿಂಗ್ ಕಮಾಂಡರ್ ಜೇಮ್ಸ್ ಬ್ಲ್ಯಾಕ್‌ಬರ್ನ್ ಮುಂದಾಳ್ತನದಲ್ಲಿ ಮಲಯದ ಪೆನಾಂಗ್ ಬಂದರಿಗೆ ಹೋಗಿ ನೀರೊಳಗೆ ಸಿಡಿಮದ್ದು ಬಿಟ್ಟು ಬಂದವು. ಹೋಗಿ ಬರಲು ಸುಮಾರು 4,800 ಕಿ.ಮೀ. ಆಗ ಅದು ದೊಡ್ಡ ಸಾಹಸ, ಪ್ರತಿದಿನದ ಮಾತಲ್ಲ. ಅದೂ ಹೊರಟದ್ದು ಬಂಗಾಳದ ಕಡೆಯ ನೆಲೆಗಳಿಂದಲೇ.

ತರಬೇತಿಗೆ ಕೋಲಾರ ಯಾಕೆ ಒಪ್ಪಿಗೆಯಾಯಿತು ಎಂಬುದೂ ಇದೇ ಭೂಪಟದಲ್ಲಿ ಗೊತ್ತಾಗುತ್ತದೆ. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿದ್ದವು. 1943ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಕಿದರ್‌ಪುರ ಹಡಗುಕಟ್ಟೆಗೆ ಪೆಟ್ಟು ಬಿತ್ತು. ಕೋಲಾರ ಅವರ ಕೈಗೆ ನಿಲುಕದಷ್ಟು ಒಳನಾಡು. ಬಂಗಾಳದ ರನ್‌ವೇಗಳು ದಾಳಿಯ ವಿಮಾನಗಳಿಂದಲೇ ತುಂಬಿದ್ದವು. ಹತ್ತಿರದಲ್ಲೇ ಬೆಂಗಳೂರು, ಅಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ವಾಲ್‌ಚಂದ್ ಹಿರಾಚಂದ್ ಮತ್ತು ಮೈಸೂರು ಸಂಸ್ಥಾನ ಕೂಡಿ 1940ರಲ್ಲಿ ಶುರುಮಾಡಿದ ಈ ಕಾರ್ಖಾನೆಯನ್ನು 1943ರಿಂದ ಅಮೆರಿಕದ ವಾಯುಸೇನೆಯ 84ನೇ ಏರ್ ಡಿಪೊ ನಡೆಸುತ್ತಿತ್ತು. ಬಾಂಬರು, ಸಾಗಣೆ ವಿಮಾನ, ಎಂಜಿನ್ ಎಲ್ಲದರ ದುರಸ್ತಿ ಅಲ್ಲೇ. ಈ ವಿವರ ನೆನಪಿಟ್ಟುಕೊಳ್ಳಿ, ನಿಮ್ಮ ತಗಡಿನ ತುಂಡಿಗೆ ಬೇಕಾಗುತ್ತದೆ.

358ನೇ ದಳ 1945ರ ಜನವರಿ ಹೊತ್ತಿಗೆ ದಿಗ್ರಿಗೆ ಹೋಯಿತು. ಆಮೇಲಿನ ಅದರ ಕತೆ ಬಾಂಬರ್ ದಳದ ಕತೆಯೇ ಅಲ್ಲ. ಬಾಂಬ್ ಹಾಕಲೆಂದು ಅದು ಹೋದದ್ದು ಒಂದೇ ಒಂದು ಸಲ, 1945ರ ಜನವರಿ 13ರಂದು, ಬರ್ಮಾದ ಮೇಲೆ. ಅದಾದ ಕೂಡಲೇ ಅದನ್ನು ‘ವಿಶೇಷ ಕರ್ತವ್ಯ’ಕ್ಕೆ ಹಾಕಿದರು. ಅಂದರೆ ಜಪಾನೀಯರ ಹಿಡಿತದಲ್ಲಿದ್ದ ಬರ್ಮಾ, ಥಾಯ್ಲೆಂಡ್, ಫ್ರೆಂಚ್ ಇಂಡೋಚೈನಾಗಳ ಕಾಡಿನೊಳಕ್ಕೆ ಗುಪ್ತ ಕಾರ್ಯಕರ್ತರನ್ನೂ ಬಂದೂಕು, ಔಷಧಿ, ರೇಡಿಯೋಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸುವ ಕೆಲಸ. ಬ್ರಿಟಿಷರ ಫೋರ್ಸ್ 136, ಅಮೆರಿಕದ ಓಎಸ್‌ಎಸ್, ಈ ಎರಡು ಗುಪ್ತ ಸಂಸ್ಥೆಗಳ ಪರವಾಗಿ ಈ ಹಾರಾಟ. ಫೆಬ್ರವರಿಯಲ್ಲಿ ದಳ ಜೆಸ್ಸೋರಿಗೆ ಹೋಯಿತು, ಈಗಿನ ಬಾಂಗ್ಲಾದೇಶದ ಜಶೋರ್.

ಆ ಕೆಲಸ ಎಷ್ಟು ಕಠಿಣ ಎಂಬುದಕ್ಕೆ ಸ್ವಲ್ಪ ವಿವರ ಕೊಡಲೇಬೇಕು, ಯಾಕೆಂದರೆ ಕೋಲಾರದಲ್ಲಿ ಕಲಿತ ಹುಡುಗರು ಹೋಗಿ ಮಾಡಿದ್ದು ಇದನ್ನೇ. ಬಾಂಬ್ ಹಾಕುವವನು ಎತ್ತರದಲ್ಲಿದ್ದು ಹಾಕಿ ತಿರುಗಬಹುದು. ಮನುಷ್ಯನನ್ನು ಇಳಿಸುವವನು ಬೆಟ್ಟಗಳ ನಡುವೆ, ಕತ್ತಲಲ್ಲಿ, ನೆಲದಿಂದ ಕೆಲವೇ ನೂರು ಅಡಿ ಮೇಲೆ, ವೇಗ ತಗ್ಗಿಸಿಕೊಂಡು ಹೋಗಬೇಕು. ಕೆಳಗೆ ಕಾಡಿನ ಬಯಲಲ್ಲಿ ಗೊತ್ತಾದ ಆಕಾರದಲ್ಲಿ ನಾಲ್ಕಾರು ಬೆಂಕಿ ಉರಿಯುತ್ತಿರುತ್ತವೆ. ಅದನ್ನು ಹುಡುಕುತ್ತಾ ಸುತ್ತು ಹಾಕಿದಷ್ಟೂ ಜಪಾನೀಯರ ಕಾವಲಿಗೆ ಗೊತ್ತಾಗುವ ಅಪಾಯ. ಲಿಬರೇಟರಿನ ಹೊಟ್ಟೆಯಲ್ಲಿದ್ದ ಬಂದೂಕಿನ ಗೋಪುರ ತೆಗೆದು, ಆ ದುಂಡನೆಯ ಕಂಡಿಯಿಂದಲೇ ಕಾರ್ಯಕರ್ತರು ಹಾರುತ್ತಿದ್ದರು. ಜೆಸ್ಸೋರಿನಿಂದ ಬ್ಯಾಂಕಾಕ್ ಕಡೆಗೇ 1,500 ಕಿ.ಮೀ.ಗೂ ಹೆಚ್ಚು. ಮುಂಗಾರು ಶುರುವಾದ ಮೇಲೆ ಬರ್ಮಾದ ಬೆಟ್ಟಗಳ ಮೇಲಿನ ಮೋಡದಲ್ಲಿ ಸಿಕ್ಕಿ ಮರಳದ ವಿಮಾನಗಳು ಈ ರಂಗದಲ್ಲಿ ಬಹಳ.

ಈ ದಳದ ವಿಶೇಷ ಕರ್ತವ್ಯ ಆರಂಭವಾದದ್ದೇ ದುರಂತದಿಂದ. 1945ರ ಜನವರಿ 22-23ರ ರಾತ್ರಿ ಇಂಡೋಚೈನಾಕ್ಕೆ ಫ್ರೆಂಚ್ ಕಾರ್ಯಕರ್ತರನ್ನು ಒಯ್ದ ವಿಮಾನಗಳಲ್ಲಿ ಕೆಲವು ಮರಳಲಿಲ್ಲ. ಅವುಗಳಲ್ಲಿ ಎರಡನ್ನು ಹೊಡೆದುರುಳಿಸಿದ್ದು ಜಪಾನೀಯರಲ್ಲ, ಶತ್ರುವಿನ ವಿಮಾನವೆಂದು ತಪ್ಪು ತಿಳಿದ ಅಮೆರಿಕದ ರಾತ್ರಿ ಯುದ್ಧವಿಮಾನಗಳೇ ಇರಬೇಕು ಎಂದು ಇತಿಹಾಸಕಾರರು ಬರೆದಿದ್ದಾರೆ. ಗುಟ್ಟಾಗಿ ಹಾರುವವರ ಪಾಡೇ ಅದು, ಮಿತ್ರರಿಗೂ ತಿಳಿಸುವಂತಿರಲಿಲ್ಲ. ಅದೇ ವರ್ಷ ಮೇ 29ರಂದು ಓಎಸ್‌ಎಸ್ ತಂಡವನ್ನು ಥಾಯ್ಲೆಂಡಿಗೆ ಒಯ್ಯುತ್ತಿದ್ದ ಇನ್ನೊಂದು ಲಿಬರೇಟರನ್ನು ಜಪಾನಿನ ಯುದ್ಧವಿಮಾನಗಳು ಕೆಡವಿದವು. ಜಪಾನ್ ಶರಣಾದ ಮೇಲೆ ಈ ರಂಗದ ಲಿಬರೇಟರುಗಳು ಸೆರೆಶಿಬಿರಗಳ ಮೇಲೆ ಆಹಾರ, ಔಷಧಿ ಉದುರಿಸಿದವು. 1945ರ ನವೆಂಬರ್ 21ರಂದು 358ನೇ ದಳ ವಿಸರ್ಜನೆಯಾಯಿತು. ಹುಟ್ಟಿನಿಂದ ಕೊನೆಯವರೆಗೆ ಒಂದು ವರ್ಷ, ಹದಿಮೂರು ದಿನ.

ಇನ್ನು ಜಪಾನ್. ಕೋಲಾರದಿಂದ ಟೋಕಿಯೋ 6,500 ಕಿ.ಮೀ.ಗೂ ದೂರ. ಲಿಬರೇಟರಿಗೆ ಒಂದು ದಾರಿಯೂ ಮುಗಿಯುತ್ತಿರಲಿಲ್ಲ. ಆದರೆ ಭಾರತದ ನೆಲದಿಂದ ಹೊರಟ ಬಾಂಬರುಗಳು ಜಪಾನಿನ ಮೇಲೆ ಬಾಂಬ್ ಹಾಕಿದ್ದು ನಿಜ. ಅವು ಅಮೆರಿಕದ ಬಿ-29ಗಳು, ಖರಗ್‌ಪುರ, ಚಾಕುಲಿಯಾ ಮೊದಲಾದ ನೆಲೆಗಳವು. ಹಿಮಾಲಯ ದಾಟಿ ಚೀನಾದ ಚೆಂಗ್ಡು ಸುತ್ತಲಿನ ನೆಲೆಗಳಲ್ಲಿ ಇಳಿದು, ಪೆಟ್ರೋಲ್ ತುಂಬಿಕೊಂಡು, 1944ರ ಜೂನ್ 15ರ ರಾತ್ರಿ ಯವಾತಾದ ಉಕ್ಕಿನ ಕಾರ್ಖಾನೆಯ ಮೇಲೆ ದಾಳಿ ಮಾಡಿದವು. ಅವಕ್ಕೂ ನಾಲ್ಕು ಎಂಜಿನ್. ಈ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಾಗ, ದಿನಾ ನಾಲ್ಕು ಎಂಜಿನ್ನಿನ ವಿಮಾನ ನೋಡುತ್ತಿದ್ದ ಊರಿನವರು ‘ಇವೇ ಹೋಗಿ ಬಂದವು’ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ತರಬೇತಿಯ ಗುಟ್ಟನ್ನು ಬ್ರಿಟಿಷರೂ ಊರವರಿಗೆ ಬಿಡಿಸಿ ಹೇಳುತ್ತಿರಲಿಲ್ಲ.

ವಿಮಾನ ಹೂತ ಕತೆಗೆ ಇನ್ನೂ ಗಟ್ಟಿ ಬೇರು ಇದೆ. ಅಮೆರಿಕ ಈ ವಿಮಾನಗಳನ್ನು ಬ್ರಿಟನ್ನಿಗೆ ಮಾರಿರಲಿಲ್ಲ, ಲೆಂಡ್-ಲೀಸ್ ಒಪ್ಪಂದದಲ್ಲಿ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ವಾಪಸು ಮಾಡಬೇಕು ಅಥವಾ ಮತ್ತೆ ಹಾರದ ಹಾಗೆ ಕೆಡಿಸಬೇಕು. ಹೀಗೆ ಕೆಡಿಸಲೆಂದು ಲಿಬರೇಟರುಗಳನ್ನು ತಂದು ನಿಲ್ಲಿಸಿದ್ದು ಕಾನ್ಪುರದ ಚಕೇರಿಯಲ್ಲಿ. ಅಲ್ಲಿ ಅವುಗಳ ಮೈಗೆ ಹೊಡೆದು, ಉಪಕರಣ ಒಡೆದು ಬಿಟ್ಟು ಹೋದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆಗೆ ಭಾರಿ ಬಾಂಬರ್ ಬೇಕಾದಾಗ ಬೆಂಗಳೂರಿನ ಎಚ್‌ಎಎಲ್‌ನವರು ಆ ರಾಶಿಯೊಳಗಿಂದ ಒಂದೊಂದನ್ನೇ ಆರಿಸಿ, ಹಾರುವಷ್ಟು ಮಟ್ಟಿಗೆ ಅಲ್ಲೇ ಸರಿಮಾಡಿದರು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ಬಿಚ್ಚಿ ಜೋಡಿಸಿದ ಮೇಲೆ, 1948ರ ನವೆಂಬರಿನಲ್ಲಿ ಭಾರತದ ಮೊದಲ ಭಾರಿ ಬಾಂಬರ್ ದಳವಾದ 5ನೇ ಸ್ಕ್ವಾಡ್ರನ್ ಕಾನ್ಪುರದಲ್ಲಿ ಶುರುವಾಯಿತು. ಸಮುದ್ರದ ಗಸ್ತಿಗೆ 6ನೇ ಸ್ಕ್ವಾಡ್ರನ್ ಕೂಡ ಲಿಬರೇಟರನ್ನೇ ಬಳಸಿತು, 1968ರವರೆಗೂ. ಇಂದು ಜಗತ್ತಿನ ಮ್ಯೂಸಿಯಂಗಳಲ್ಲಿರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವು ಹೀಗೆ ಬೆಂಗಳೂರಿನ ಕೆಲಸಗಾರರ ಕೈಯಲ್ಲಿ ಬದುಕಿದವು. ದೆಹಲಿಯ ಪಾಲಂ ಮ್ಯೂಸಿಯಂನಲ್ಲಿ ಒಂದಿದೆ, ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿರುವುದು ಭಾರತದಿಂದ 1974ರಲ್ಲಿ ಹಾರಿಕೊಂಡು ಹೋದದ್ದು. ಕನ್ನಡದಲ್ಲಿ ಈ ಸಂಗತಿಯನ್ನು ಇನ್ನೂ ಹೆಚ್ಚು ಜನ ಬರೆಯಬೇಕು ಎಂಬುದು ನನ್ನ ಬಹುದಿನದ ಆಸೆ.

ಹೀಗಾಗಿ ಕೋಲಾರದ ಬಯಲಿನಲ್ಲಿ ಇಡೀ ಬಾಂಬರ್ ಸಿಗುತ್ತದೆ ಎಂದು ನಾನು ನಂಬುವುದಿಲ್ಲ. ಚೂರುಪಾರು ಲೋಹ, ಪೆಟ್ರೋಲ್ ಡಬ್ಬ, ತಂತಿ ಸಿಗಬಹುದು. ಅದರ ಜೊತೆಗೆ ತರಬೇತಿಗೆ ಬಳಸಿದ ಸಣ್ಣ ಬಾಂಬು, ಬಂದೂಕಿನ ಗುಂಡುಗಳೂ ಸಿಗಬಹುದು. ಅದೇ ನನಗಿರುವ ಚಿಂತೆ. ಹೊಗೆ ಬರಲೆಂದು ತುಂಬಿದ ಪ್ರಾಕ್ಟೀಸ್ ಬಾಂಬಿನಲ್ಲೂ ಸಿಡಿಯುವ ಮದ್ದು ಇರುತ್ತದೆ, ಎಂಬತ್ತು ವರ್ಷ ಮಣ್ಣಲ್ಲಿದ್ದರೆ ಅದು ಸಾಧುವಾಗುವುದಿಲ್ಲ, ಇನ್ನಷ್ಟು ನಂಬಿಕೆಗೆಡುತ್ತದೆ. ಹಳೆಯ ಏರೋಡ್ರೋಮುಗಳ ನೆಲ ಎಷ್ಟೋ ಕಡೆ ಇನ್ನೂ ರಕ್ಷಣಾ ಇಲಾಖೆಯ ಹೆಸರಿನಲ್ಲಿರುತ್ತದೆ, ಅನುಮತಿಯಿಲ್ಲದೆ ಅಗೆದರೆ ಕೇಸಾಗುತ್ತದೆ. ತಮ್ಮನಿಗೆ ಹೇಳಿ: ಪಹಣಿ ನೋಡಿ ನೆಲ ಯಾರದೆಂದು ತಿಳಿಯಲಿ, ಹಳೆಯ ಸರ್ವೆ ನಕ್ಷೆ ಹುಡುಕಲಿ, ರನ್‌ವೇ ಎಲ್ಲಿತ್ತೆಂದು ಉಪಗ್ರಹ ಚಿತ್ರದಲ್ಲಿ ಗುರುತಿಸಲಿ. ಉಳುವಾಗಲೋ ಪಾಯ ತೆಗೆಯುವಾಗಲೋ ಕೊಳವೆಯಾಕಾರದ ತುಕ್ಕು ಲೋಹ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಲಿ. ಡಿಟೆಕ್ಟರ್, ಗುದ್ದಲಿ ಮಾತ್ರ ಬೇಡ.

ಈಗ ತಾತ. ಅವರು ಗನ್ನರ್ ಆಗಿರಬಹುದೇ? ಯುದ್ಧದ ಕಾಲದ ಭಾರತೀಯ ವಾಯುಪಡೆಯಲ್ಲಿ ನಾಲ್ಕು ಎಂಜಿನ್ನಿನ ಬಾಂಬರೇ ಇರಲಿಲ್ಲ. ನಮ್ಮವರು ಹರಿಕೇನ್, ಸ್ಪಿಟ್‌ಫೈರ್ ಎಂಬ ಸಣ್ಣ ಯುದ್ಧವಿಮಾನ ಹಾರಿಸಿದರು, 7 ಮತ್ತು 8ನೇ ಸ್ಕ್ವಾಡ್ರನ್ನಿನವರು ವೆಂಜೆನ್ಸ್ ಎಂಬ ಒಂದೇ ಎಂಜಿನ್ನಿನ ಡೈವ್ ಬಾಂಬರಿನಲ್ಲಿ ಬರ್ಮಾದಲ್ಲಿ ಹೋರಾಡಿದರು. 358ರಂಥ ದಳಗಳಲ್ಲಿ ಹಾರಿದವರು ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡಿನವರು. ಇದಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ, ಆ ಪದಕ. ನೀವು ವರ್ಣಿಸಿದ್ದು ಇಂಡಿಯಾ ಸರ್ವಿಸ್ ಮೆಡಲ್. 1939ರಿಂದ 45ರ ನಡುವೆ ಭಾರತೀಯ ಪಡೆಗಳಲ್ಲಿ ಕಾರ್ಯಾಚರಣೆಯ ರಂಗದ ಹೊರಗೆ ಕನಿಷ್ಠ ಮೂರು ವರ್ಷ ಸೇವೆ ಮಾಡಿದವರಿಗೆ ಕೊಟ್ಟದ್ದು. ಬರ್ಮಾ ರಂಗದಲ್ಲಿ ಕಾದಾಡಿದವರಿಗೆ ಸಿಕ್ಕಿದ್ದು ಕಂಚಿನ ಬಣ್ಣದ ನಕ್ಷತ್ರ, ಬರ್ಮಾ ಸ್ಟಾರ್. ಅಂಥದ್ದು ನಿಮ್ಮಲ್ಲಿಲ್ಲ. ಕಳೆದುಹೋಗಿರಬಹುದು ಎಂಬ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅದರ ಮೇಲೆ ಕಲ್ಲು ನಿಲ್ಲಿಸಲಾಗದು.

ಅದೇ ಪದಕ ಇನ್ನೊಂದು ವಿಷಯವನ್ನೂ ಹೇಳುತ್ತದೆ, ಅದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ರನ್‌ವೇಗೆ ಜಲ್ಲಿ ಒಡೆಯಲು ಮೇಸ್ತ್ರಿಯ ಕೈಕೆಳಗೆ ದಿನಗೂಲಿಗೆ ಹೋದವರಿಗೆ ಈ ಪದಕ ಸಿಗುತ್ತಿರಲಿಲ್ಲ. ಪದಕ ತಾತನದೇ ಆಗಿದ್ದರೆ, ಅವರು ರೀತಿ ಪ್ರಕಾರ ಸೇವೆಗೆ ಸೇರಿದ್ದವರು. ಯಾವ ವಿಭಾಗ ಎಂಬುದು ಬೇರೆ ಮಾತು. ಸಪ್ಲೈ ವಿಭಾಗದ ಡ್ರೈವರ್, ಸ್ಟೋರಿನವರು, ಸ್ಯಾಪರ್ (ಸೇನೆಯ ಎಂಜಿನಿಯರಿಂಗ್ ವಿಭಾಗದ ಸಿಪಾಯಿ), ವಾಯುಪಡೆಯ ನೆಲದ ಸಿಬ್ಬಂದಿ, ಅಡುಗೆಯವರು, ಯಾರೂ ಆಗಿರಬಹುದು. ವಾಯುಪಡೆಯಲ್ಲಿ ಅಡುಗೆ, ದೋಭಿ, ಕ್ಷೌರದವರನ್ನೂ ಕ್ರಮಬದ್ಧವಾಗಿ ದಾಖಲು ಮಾಡಿಕೊಳ್ಳುತ್ತಿದ್ದರು. ಒಂದು ಅನುಕೂಲವೆಂದರೆ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಎರಡನೇ ಯುದ್ಧದ ಪದಕಗಳಲ್ಲಿ ಹೆಸರಿರುವುದಿಲ್ಲ, ಭಾರತೀಯರಿಗೆ ಕೊಟ್ಟವುಗಳ ಅಂಚಿನಲ್ಲಿ ಸಾಮಾನ್ಯವಾಗಿ ನಂಬರ್, ದರ್ಜೆ, ಹೆಸರು, ವಿಭಾಗ ಕೆತ್ತಿರುತ್ತದೆ. ಮುಖ, ಬೆನ್ನು ಬಿಟ್ಟು ದಪ್ಪದ ಅಂಚನ್ನು ಓರೆ ಬೆಳಕಿನಲ್ಲಿ ನೋಡಿ. ಹುಣಸೆಹಣ್ಣು ಹಾಕಿ, ಪಾಲಿಶ್ ಹಾಕಿ ಉಜ್ಜಬೇಡಿ. ಅಕ್ಷರ ಬಹಳ ತೆಳುವಾಗಿರುತ್ತದೆ, ಒಂದೇ ಸಲದ ಉಜ್ಜುವಿಕೆಗೆ ಅಳಿಸಿಹೋದದ್ದನ್ನು ಕಂಡಿದ್ದೇನೆ. ಇಂಗ್ಲಿಷಿನಲ್ಲಿ ಆರ್.ಐ.ಎ.ಎಸ್.ಸಿ. ಎಂದಿದ್ದರೆ ಸೇನೆಯ ಸಪ್ಲೈ ಮತ್ತು ಸಾಗಣೆ ವಿಭಾಗ, ಐ.ಎ.ಎಫ್. ಅಥವಾ ಆರ್.ಐ.ಎ.ಎಫ್. ಎಂದಿದ್ದರೆ ವಾಯುಪಡೆ. ಹೆಸರು ಬೇರೆಯವರದಾಗಿದ್ದರೆ ಅದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಹಳೆಯ ಪದಕಗಳು ಗುಜರಿಯಿಂದ, ಗೆಳೆಯರಿಂದ ಕೈ ಬದಲಾಯಿಸಿ ಮನೆಗೆ ಬಂದಿರುವುದುಂಟು.

ತಗಡಿನ ವಿಷಯದಲ್ಲಿ ಆತುರಪಡಬೇಡಿ. ಪ್ರಾಟ್ ಅಂಡ್ ವಿಟ್ನಿ ಟ್ವಿನ್ ವಾಸ್ಪ್ ಎಂಜಿನ್ ಲಿಬರೇಟರಿನಲ್ಲಿತ್ತು, ನಿಜ. ಅದೇ ಎಂಜಿನ್ ಡಕೋಟಾ ಸಾಗಣೆ ವಿಮಾನದಲ್ಲೂ ಕ್ಯಾಟಲೀನಾ ಎಂಬ ನೀರಿನಲ್ಲಿ ಇಳಿಯುವ ವಿಮಾನದಲ್ಲೂ ಇತ್ತು. ತಗಡಿನ ಮೇಲೆ ಆರ್-1830 ಎಂದಿದ್ದು ಅದರ ಮುಂದೆ ಒಂದು ಅಡ್ಡಗೆರೆ, ಎರಡು ಅಂಕಿ ಇವೆಯೇ ನೋಡಿ. 43 ಅಥವಾ 65 ಇದ್ದರೆ ಲಿಬರೇಟರಿನ ಎಂಜಿನ್. 90 ಅಥವಾ 92 ಇದ್ದರೆ ಡಕೋಟಾ, ಕ್ಯಾಟಲೀನಾದ ಕಡೆಯದು. ಹಾಗಿದ್ದಲ್ಲಿ ತಾತ ಯುದ್ಧದ ಕಾಲದಲ್ಲೋ ಆಮೇಲೋ ಬೆಂಗಳೂರಿನ ಕಾರ್ಖಾನೆಯ ಕಡೆ ಕೆಲಸ ಮಾಡಿದ್ದರೇ ಎಂದು ಮನೆಯ ಹಿರಿಯರನ್ನು ಕೇಳಿ. ಯಾವ ಅಂಕಿ ಇದ್ದರೂ ಅದು ಎಂಜಿನ್ನಿನ ಗುರುತೇ ಹೊರತು ಅದರ ಪಕ್ಕದಲ್ಲಿ ನಿಂತಿದ್ದವರು ಯಾವ ದಳದವರು ಎಂಬುದಕ್ಕೆ ಸಾಕ್ಷಿಯಾಗದು.

ಕಾಗದದ ದಾರಿಗಳು ಮೂರು ಇವೆ, ಒಂದೊಂದಕ್ಕೂ ಒಂದೊಂದು ತೊಡಕು. ಮೊದಲನೆಯದು ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ. ಪ್ರತಿ ಸ್ಕ್ವಾಡ್ರನ್ನಿನ ಕಾರ್ಯಾಚರಣೆ ದಿನಚರಿ ಅಲ್ಲಿ ಏರ್ 27 ಎಂಬ ಸರಣಿಯಲ್ಲಿದೆ, 358ರದ್ದೂ ಇದೆ. ಫಾರಂ 540ರಲ್ಲಿ ದಿನದಿನದ ಸಂಗತಿ, 541ರಲ್ಲಿ ಪ್ರತಿ ಹಾರಾಟಕ್ಕೂ ಹೊರಟವರ ಹೆಸರು. ತಾತ ಗನ್ನರ್ ಆಗಿ ಹಾರಿದ್ದರೆ ಅಲ್ಲಿ ಹೆಸರು ಇರಲೇಬೇಕು. ನೀವೇ ಮನೆಯಲ್ಲಿ ಕುಳಿತು ಇಳಿಸಿಕೊಳ್ಳಬಹುದು, ದಲ್ಲಾಳಿ ಬೇಡ. ತರಬೇತಿ ಘಟಕದ ಕಾಗದ ಬೇರೆ ಸರಣಿ, ಏರ್ 29. ತೊಡಕು ಏನೆಂದರೆ ನೆಲದ ಮೇಲೆ ದುಡಿದ ಭಾರತೀಯರ ಹೆಸರು ಈ ದಿನಚರಿಗಳಲ್ಲಿ ಬರುವುದು ತೀರಾ ಅಪರೂಪ. ಅಲ್ಲಿ ಹೆಸರಿಲ್ಲ ಎಂದರೆ ತಾತ ಹಾರಲಿಲ್ಲ ಎಂದರ್ಥ, ಅವರು ಅಲ್ಲಿರಲೇ ಇಲ್ಲ ಎಂದಲ್ಲ.

ಎರಡನೆಯದು ಸೇವಾ ದಾಖಲೆ. ಭಾರತೀಯ ಸೇನೆ ಮತ್ತು ವಾಯುಪಡೆಯ ಸಾಮಾನ್ಯ ಸಿಬ್ಬಂದಿಯ ದಾಖಲೆ ಲಂಡನ್ನಿಗೆ ಹೋಗಲಿಲ್ಲ, ಈ ನೆಲದಲ್ಲೇ ಉಳಿಯಿತು. ಆದ್ದರಿಂದ ಲಂಡನ್ನಿನಿಂದ ತಾತನ ಪ್ರಮಾಣಪತ್ರ ತರಿಸುತ್ತೇನೆ ಎಂದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ, ಆಧಾರ್ ಪ್ರತಿಯನ್ನೂ ಕೊಡಬೇಡಿ. ಪದಕದ ಅಂಚಿನ ನಂಬರ್ ಮತ್ತು ವಿಭಾಗ ಸಿಕ್ಕ ಮೇಲೆ ಆ ವಿಭಾಗದ ರೆಕಾರ್ಡ್ಸ್ ಕಚೇರಿಗೆ ನೀವೇ ಅರ್ಜಿ ಬರೆಯಿರಿ. ಯಾವ ಕಚೇರಿ ಎಂಬುದನ್ನು ಸೈನಿಕ ಕಲ್ಯಾಣ ಇಲಾಖೆಯವರು ತಿಳಿಸುತ್ತಾರೆ. ತಿಂಗಳುಗಟ್ಟಲೆ ಕಾಯಬೇಕಾಗಬಹುದು, ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರವೂ ಬರಬಹುದು.

ಮೂರನೆಯದನ್ನು ಜನ ಮರೆಯುತ್ತಾರೆ, ನನ್ನ ಅನುಭವದಲ್ಲಿ ಹಳ್ಳಿಯ ಕುಟುಂಬಗಳಿಗೆ ಹೆಚ್ಚು ಕೊಡುವುದು ಅದೇ. ಕೋಲಾರ ಆಗ ಮೈಸೂರು ಸಂಸ್ಥಾನದ್ದು. ನೆಲ ಬಿಡಿಸಿಕೊಂಡದ್ದು, ಪರಿಹಾರ ಕೊಟ್ಟದ್ದು, ಕಲ್ಲು, ಸೌದೆ, ತರಕಾರಿ ಸರಬರಾಜಿನ ಗುತ್ತಿಗೆ ಇಂಥದಕ್ಕೆಲ್ಲ ಸಂಸ್ಥಾನದ ಕಾಗದ ಓಡಾಡಿರುತ್ತದೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ, ತಾಲ್ಲೂಕು ಕಚೇರಿಯ ಹಳೆಯ ರೆಕಾರ್ಡ್ ರೂಮಿನಲ್ಲಿ ಕೇಳಿ. ಹೋಗುವಾಗ ಊರಿನ ಹೆಸರು, ಸರ್ವೆ ನಂಬರ್, ವರ್ಷ ಗೊತ್ತಿರಲಿ. ಬರಿಗೈಲಿ ಹೋದರೆ ಬರಿಗೈಲೇ ಬರಬೇಕಾಗುತ್ತದೆ. ಅದಕ್ಕೂ ಮುಂಚೆ ಊರಿನಲ್ಲಿ ತೊಂಬತ್ತು ದಾಟಿದವರು ಯಾರಾದರೂ ಇದ್ದರೆ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ‘ತಾತ ಬಾಂಬ್ ಹಾಕಿದ್ದರಾ’ ಎಂದು ಕೇಳಿದರೆ ಹೌದು ಅನ್ನುತ್ತಾರೆ. ‘ಏರೋಡ್ರೋಮಿನಲ್ಲಿ ನಮ್ಮೂರವರು ಏನೇನು ಕೆಲಸ ಮಾಡುತ್ತಿದ್ದರು, ಕೂಲಿ ಯಾರು ಕೊಡುತ್ತಿದ್ದರು, ಊಟ ಏನು’ ಎಂದು ಕೇಳಿ. ಕಾಗದ ಕಾಯುತ್ತದೆ, ಅವರು ಕಾಯುವುದಿಲ್ಲ.

ಪದಕ ಮಾರುವುದು ನಿಮ್ಮ ಇಷ್ಟ. ಆದರೆ ಇಂಡಿಯಾ ಸರ್ವಿಸ್ ಮೆಡಲ್ ಲಕ್ಷಾಂತರ ಮಂದಿಗೆ ಸಿಕ್ಕಿದ್ದು, ಬೆಲೆ ಹೆಚ್ಚು ಬರುವುದಿಲ್ಲ. ಹೋದರೆ ಅದರ ಅಂಚಿನ ಹೆಸರಿನೊಂದಿಗೆ ನಿಮ್ಮ ಕುಟುಂಬದ ಏಕೈಕ ಸಾಕ್ಷಿಯೂ ಹೋಗುತ್ತದೆ. ನಾನಾಗಿದ್ದರೆ ಮಾರುತ್ತಿರಲಿಲ್ಲ.

ಕಲ್ಲಿನ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಲ್ಲಿಸಿ, ಆದರೆ ಈಗ ಬೇಡ, ಅಂಚಿನ ಅಕ್ಷರ ಓದಿಯಾದ ಮೇಲೆ. ‘ಜಪಾನಿನ ಮೇಲೆ ದಾಳಿ ಮಾಡಿದ ವೀರ’ ಎಂದು ಹಾಕಿದರೆ ಹತ್ತು ವರ್ಷದಲ್ಲಿ ಯಾರೋ ಒಬ್ಬ ವಿದ್ಯಾರ್ಥಿ ಬಂದು ದಿನಚರಿ ತೆಗೆದು ಸುಳ್ಳು ಅನ್ನುತ್ತಾನೆ. ಆಗ ತಾತನ ನಿಜವಾದ ಸೇವೆಯನ್ನೂ ಜನ ಅನುಮಾನಿಸುತ್ತಾರೆ. ಇನ್ನೊಂದು ಮಾತನ್ನೂ ಚಿಕ್ಕಪ್ಪನವರ ಮುಂದಿಡಿ. ಲಿಬರೇಟರುಗಳು ಮತ್ತೆ ಮತ್ತೆ ಹೊಡೆದ ಗುರಿಗಳಲ್ಲಿ ಬರ್ಮಾ-ಥಾಯ್ಲೆಂಡ್ ರೈಲುಮಾರ್ಗ ಒಂದು. ಅದನ್ನು ಕಟ್ಟಿ ಸತ್ತವರಲ್ಲಿ ಮಿತ್ರಪಡೆಗಳ ಸೆರೆಯಾಳುಗಳಷ್ಟೇ ಅಲ್ಲ, ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳೂ ಸಾವಿರಾರು. ಸೇತುವೆಗಳಿಗೆ ಅಂಟಿಕೊಂಡಂತೆ ಸೆರೆಶಿಬಿರಗಳಿದ್ದವು, ಬಾಂಬ್ ಬಿದ್ದು ಅಲ್ಲಿ ಸೆರೆಯಾಳುಗಳೂ ಸತ್ತರು. ಬಾಂಬ್ ಹಾಕಿದ್ದನ್ನೇ ದೊಡ್ಡದು ಮಾಡಿ ಹೇಳುವ ಆಸೆ ಬಂದಾಗ ಕೆಳಗೆ ಯಾರಿದ್ದರು ಎಂಬುದನ್ನೂ ಯೋಚಿಸಬೇಕು. ವಿಮಾನ ಹಾರುವಂತೆ ನೋಡಿಕೊಂಡವರ, ರನ್‌ವೇ ಕಟ್ಟಿದವರ, ಸಿಬ್ಬಂದಿಗೆ ಅನ್ನ ಬೇಯಿಸಿದವರ ಹೆಸರಿನ ಕಲ್ಲು ನಮ್ಮ ರಾಜ್ಯದಲ್ಲಿ ನಾನಂತೂ ಎಲ್ಲೂ ನೋಡಿಲ್ಲ. ನಿಮ್ಮ ಊರಿನದು ಮೊದಲನೆಯದಾಗಲಿ.

ಹಾರಿದವರನ್ನೂ ನೆನೆಯಬೇಕೆಂದಿದ್ದರೆ ಅದಕ್ಕೂ ದಾರಿಯಿದೆ. ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ದಳದ ನಂಬರ್ ಹಾಕಿ ಹುಡುಕಿದರೆ 358ರಲ್ಲಿ ಸತ್ತವರ ಹೆಸರು, ವಯಸ್ಸು, ಊರು ಸಿಗುತ್ತವೆ. ದೇಹ ಸಿಗದವರ ಹೆಸರು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಯ ಮೇಲಿದೆ. ದಕ್ಷಿಣ ಭಾರತದ ನೆಲೆಗಳಲ್ಲಿ ಸತ್ತು ಚದುರಿದ ಸ್ಮಶಾನಗಳಲ್ಲಿದ್ದ ಅನೇಕರ ಸಮಾಧಿಗಳನ್ನು ಚೆನ್ನೈನ ನಂದಂಬಾಕ್ಕಂನಲ್ಲಿರುವ ಮದ್ರಾಸ್ ವಾರ್ ಸೆಮಿಟ್ರಿಗೆ ತಂದಿದ್ದಾರೆ. ಕೋಲಾರದಿಂದ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸಾಗಬಹುದು.

ಅಂಚು ಓದಿಯಾದ ಮೇಲೆ ಕಲ್ಲಿನ ಮೇಲೆ ಇಷ್ಟು ಬರೆಸಬಹುದು, ಇದರಲ್ಲಿ ಯಾರೂ ತಪ್ಪು ಹುಡುಕಲಾರರು: ತಾತನ ಹೆಸರು, ‘ಎರಡನೇ ಮಹಾಯುದ್ಧದ ಕಾಲದಲ್ಲಿ ಕೋಲಾರದ ಲಿಬರೇಟರ್ ಬಾಂಬರ್ ತರಬೇತಿ ನೆಲೆಯಲ್ಲಿ ದುಡಿದವರು’, ಅದರ ಕೆಳಗೆ ಅದೇ ನೆಲೆಯಲ್ಲಿ ಕೆಲಸ ಮಾಡಿದ ಊರಿನ ಉಳಿದವರ ಹೆಸರುಗಳು. ಅಂಚಿನಲ್ಲಿ ತಾತನ ಹೆಸರೇ ಇದ್ದರೆ ನಂಬರ್, ದರ್ಜೆ, ವಿಭಾಗವನ್ನೂ ಅಲ್ಲಿದ್ದಂತೆಯೇ ಸೇರಿಸಿ. ಅಂಚಿನ ಮತ್ತು ತಗಡಿನ ಸ್ಪಷ್ಟ ಫೋಟೋ ಕಳಿಸಿದರೆ ಓದಿ ಹೇಳುತ್ತೇನೆ. ಫೋಟೋವನ್ನು ಸಾರ್ವಜನಿಕವಾಗಿ ಹಾಕಬೇಡಿ. ನಂಬರ್ ಸಮೇತ ಹೆಸರು ಸಿಕ್ಕರೆ ನಕಲಿ ಪ್ರಮಾಣಪತ್ರ ಮಾಡುವವರಿಗೆ ಅದೇ ಸಾಕು.